ಆದೇಶಕ್ಕಾಗಿ ಮಂಡಿಸಿದೆ

ನಮ್ಮ ಮಾವನಿಂದ ಯಾವ ಪ್ರಶ್ನೆಗೂ ನೇರ ಉತ್ತರ ಸಿಗುತ್ತಿರಲಿಲ್ಲ. ಸಂಜೆಗೆ ಬದನೆಕಾಯಿ ಮಾಡಲೋ ಕುಂಬಳಕಾಯಿ ಮಾಡಲೋ ಎಂದು ಅಮ್ಮ ಕೇಳಿದರೆ, ಬದನೆ ಬೇಗ ಬೇಯುತ್ತದೆ, ಹೆಚ್ಚಿಟ್ಟ ಕುಂಬಳ ನಾಳೆಗೆ ಕೆಡುತ್ತದೆ, ಎರಡನ್ನೂ ಯೋಚಿಸಿ ನೀನೇ ನೋಡಕ್ಕ ಎನ್ನುತ್ತಿದ್ದರು. "ನಿನ್ನ ಕೇಳೋದಕ್ಕಿಂತ ಗೋಡೆನ ಕೇಳೋದು ವಾಸಿ" ಎಂದು ಅಮ್ಮ ತನಗೆ ತೋಚಿದ್ದನ್ನು ಮಾಡುತ್ತಿದ್ದಳು. ಅಮ್ಮನ ತಮ್ಮನಾದ ಈ ಮನುಷ್ಯ ಮೂವತ್ತನಾಲ್ಕು ವರ್ಷ ಪಿಂಚಣಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅಪ್ಪ ತೀರಿಕೊಂಡ ಮೇಲೆ ಒಂದು ಪೆಟ್ಟಿಗೆ ಹಿಡಿದುಕೊಂಡು ನಮ್ಮ ಮನೆಗೆ ಬಂದವರು ಇಲ್ಲೇ ಉಳಿದುಬಿಟ್ಟರು. ಮದುವೆ ಆಗಲಿಲ್ಲ. ಆ ವಿಷಯ ಇನ್ನೂ ಪರಿಶೀಲನೆಯಲ್ಲಿದೆ ಎಂದು ಅಮ್ಮ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಅವರ ಕೆಲಸ ಕಡತಕ್ಕೆ ಟಿಪ್ಪಣಿ ಬರೆಯುವುದು. ಒಂದು ಅರ್ಜಿ ಬಂದರೆ ಅದರ ಹಿನ್ನೆಲೆ ಏನು, ನಿಯಮ ಏನು ಹೇಳುತ್ತದೆ, ಹಿಂದೆ ಇಂಥದ್ದೇ ಬಂದಾಗ ಏನಾಗಿತ್ತು, ಪರವಾಗಿ ಏನಿದೆ, ವಿರುದ್ಧವಾಗಿ ಏನಿದೆ, ಇಷ್ಟನ್ನೂ ಬರೆದು ಕೊನೆಗೆ ‘ಆದೇಶಕ್ಕಾಗಿ ಮಂಡಿಸಿದೆ’ ಎಂದು ಸಹಿ ಹಾಕಿ ಮೇಲಕ್ಕೆ ಕಳಿಸಬೇಕು. ಆಗಲಿ ಅಥವಾ ಬೇಡ ಎಂದು ಬರೆಯುವವರು ಅಧಿಕಾರಿ. ಮಾವನ ಟಿಪ್ಪಣಿ ಇದ್ದರೆ ಬೇರೆ ಕಾಗದ ತಿರುವಿ ಹಾಕುವ ಅಗತ್ಯವೇ ಇಲ್ಲ ಎಂದು ಕಚೇರಿಯಲ್ಲಿ ಹೆಸರಿತ್ತು. ಅದು ನಿಜ ಕೂಡ. ಅಷ್ಟು ಅಚ್ಚುಕಟ್ಟಾಗಿ ಬರೆಯುವವರನ್ನು ನಾನು ಇವತ್ತಿಗೂ ಕಂಡಿಲ್ಲ.

ಹನ್ನೆರಡನೇ ತರಗತಿ ಮುಗಿದ ದಿನ, ನಾನು ನಾಗರಿಕ ಸೇವೆ ಪರೀಕ್ಷೆ ಬರೆದು ಅಧಿಕಾರಿ ಆಗುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಅಮ್ಮ ಬಟ್ಟೆ ಹೊಲಿದು ಸಂಸಾರ ನಡೆಸುವವಳು. ಯಂತ್ರ ತುಳಿಯುವುದನ್ನು ನಿಲ್ಲಿಸಲಿಲ್ಲ. "ಆಗು. ಅದಕ್ಕೆ ಮೊದಲು ಏನು ಓದ್ತೀಯ, ಅದನ್ನ ಹೇಳು" ಎಂದಳು. ಪರೀಕ್ಷೆಗೆ ಯಾವ ಪದವಿಯಾದರೂ ನಡೆಯುತ್ತದೆ ಎಂದು ಪ್ರಕಟಣೆಯಲ್ಲಿ ಬರೆದಿತ್ತು. ನಮ್ಮ ಮನೆಗೆ ಅದೇ ತಲೆನೋವಾಯಿತು. ಒಂದೇ ದಾರಿ ಇದ್ದಿದ್ದರೆ ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದೆ.

ಮಾವ ಕಡತ ತೆರೆದರು. ತಮಾಷೆಗಲ್ಲ, ನಿಜವಾಗಿಯೇ ತೆರೆದರು. ದಪ್ಪ ರಟ್ಟು, ದಾರ, ಮೇಲೆ ಮುತ್ತಿನಂಥ ಅಕ್ಷರದಲ್ಲಿ ‘ವಿಷಯ: ಮನೆಯ ಹುಡುಗಿಯ ಪದವಿ ಆಯ್ಕೆ ಕುರಿತು’. ಒಳಗೆ ವಿಜ್ಞಾನ, ವಾಣಿಜ್ಯ, ಇತಿಹಾಸ, ಅರ್ಥಶಾಸ್ತ್ರ ನಾಲ್ಕಕ್ಕೂ ಒಂದೊಂದು ಹಾಳೆ. ಪರೀಕ್ಷೆಗೆ ಎಷ್ಟು ನೆರವಾಗುತ್ತದೆ, ಪರೀಕ್ಷೆ ಕೈಕೊಟ್ಟರೆ ಹೊಟ್ಟೆಗೆ ಏನು ದಾರಿ, ಎಲ್ಲ ಅಳೆದು ಸುರಿದು ಬರೆದಿದ್ದರು. ಅಮ್ಮನ ಅಭಿಪ್ರಾಯಕ್ಕೆ ಜಾಗ ಬಿಟ್ಟಿದ್ದರು. ಅಮ್ಮ ಅಲ್ಲಿ ‘ನೋಡಿದೆ’ ಎಂದು ಬರೆದು ಯಂತ್ರಕ್ಕೆ ಮರಳಿದಳು. ಕೊನೆಯಲ್ಲಿ ಎಂದಿನಂತೆ ಆದೇಶಕ್ಕಾಗಿ ಮಂಡಿಸಲಾಗಿತ್ತು. ಯಾರ ಆದೇಶ ಎಂದು ನನಗಂತೂ ತಿಳಿಯಲಿಲ್ಲ.

ಮೂರು ವಾರ ಕಡತ ಊಟದ ಮೇಜಿನ ಮೇಲೇ ಇತ್ತು. ಕಾಲೇಜಿಗೆ ಅರ್ಜಿ ಕೊಡುವ ಕೊನೆಯ ದಿನ ಕಿಟಕಿಯ ಮುಂದೆ ನಿಂತಾಗ ಒಳಗಿದ್ದವರು "ಯಾವ ವಿಷಯ? ಬೇಗ ಹೇಳಿ" ಎಂದರು. ಅರ್ಥಶಾಸ್ತ್ರ ಎಂದುಬಿಟ್ಟೆ. ಕಡತದ ಉಳಿದ ಮೂರು ಹಾಳೆಗಳಲ್ಲಿ ಅಲ್ಲಲ್ಲಿ ಹೊಡೆದುಹಾಕಿದ ಪದಗಳಿದ್ದವು, ಅರ್ಥಶಾಸ್ತ್ರದ್ದರಲ್ಲಿ ಒಂದೂ ಇರಲಿಲ್ಲ. ಮನಸ್ಸಿಟ್ಟು ಬರೆದದ್ದು ಅದೊಂದೇ ಎಂದು ನನಗೆ ಹೊಳೆದಿತ್ತು. ಮನೆಗೆ ಬಂದು ಮಾವನಿಗೆ ಹೇಳಿದಾಗ "ಹಾಗೇನಿಲ್ಲ, ನಾಲ್ಕೂ ಒಂದೇ" ಎಂದು ನೀರು ಕುಡಿಯಲು ಎದ್ದು ಹೋದರು.

ಪದವಿ ಮುಗಿಯಿತು. ಪರೀಕ್ಷೆಗೆ ಕೂರಲು ಮೂರೇ ಅವಕಾಶ. ನನಗೆ ಪಾಠ ಹೇಳಲು ಬೇರೆ ಯಾರೂ ಬೇಕಾಗಲಿಲ್ಲ. ಕಚೇರಿಗೆ ಹೊರಡುವ ಮುಂಚೆ ಒಂದು ಗಂಟೆ, ಬಂದ ಮೇಲೆ ಒಂದು ಗಂಟೆ ಮಾವ ಕೂರಿಸಿಕೊಂಡು ಬರೆಸುತ್ತಿದ್ದರು. ಒಂದು ಪದ ಹೆಚ್ಚಾದರೆ ತೆಗೆಸುತ್ತಿದ್ದರು. ಎರಡೂ ಕಡೆಯ ಮಾತು ಸಮನಾಗಿ ಬಂತೇ ಎಂದು ಸಾಲು ಎಣಿಸುತ್ತಿದ್ದರು. ಮೊದಲ ಸಲ ಪ್ರಬಂಧದಲ್ಲಿ ಕಡಿಮೆ ಅಂಕ ಬಂದು ಆ ಅವಕಾಶ ಹೋಯಿತು. ಇನ್ನಷ್ಟು ತಿದ್ದಿಕೊಂಡು ಬರೆದೆ. ಎರಡನೇ ಸಲ ಇನ್ನೂ ಕಡಿಮೆ ಬಂತು.

ಉಳಿದದ್ದು ಒಂದೇ ಅವಕಾಶ. ಬೇರೆ ದಾರಿ ತೋಚದೆ, ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದ್ದ ಮೇಡಂ ಮನೆಗೆ ಹೋಗಿ, ಪರೀಕ್ಷೆಯಲ್ಲಿ ಬರೆದದ್ದನ್ನೇ ನೆನಪಿನಿಂದ ಮತ್ತೆ ಬರೆದು ತೋರಿಸಿದೆ. ಅವರು ಎರಡು ಸಲ ಓದಿದರು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಇದನ್ನ ಯಾರು ಕಲಿಸಿದ್ದು?"

"ನಮ್ಮ ಮಾವ."

"ತುಂಬಾ ಚೆನ್ನಾಗಿ ಕಲಿಸಿದ್ದಾರೆ. ಆದರೆ ಅಣೆಕಟ್ಟು ಬೇಕೋ ಬೇಡವೋ ಅಂತ ಕೇಳಿದ್ರೆ ನೀನು ಆರು ಪುಟ ಬರೆದು ಅಡ್ಡಗೋಡೆ ಮೇಲೆ ದೀಪ ಇಟ್ಟಿದ್ದೀಯ. ಅವರು ಹುಡುಕ್ತಿರೋದು ಅಧಿಕಾರಿನ ಕಣಮ್ಮ. ಗುಮಾಸ್ತರನ್ನಲ್ಲ."

ದಾರಿಯುದ್ದಕ್ಕೂ ಅದನ್ನೇ ಲೆಕ್ಕ ಹಾಕಿದೆ. ಎರಡು ವರ್ಷ ನಾನು ಬರೆದದ್ದೆಲ್ಲ ಪ್ರಬಂಧವೇ ಅಲ್ಲ, ಟಿಪ್ಪಣಿ. ಪರೀಕ್ಷಕರ ಆದೇಶಕ್ಕೆ ಮಂಡಿಸಿ ಬಂದಿದ್ದೆ. ಪ್ರಪಂಚದಲ್ಲಿ ಇಂಥ ತಪ್ಪು ನಮ್ಮ ಮನೆಯವರು ಬಿಟ್ಟರೆ ಇನ್ಯಾರೂ ಮಾಡಲಿಕ್ಕಿಲ್ಲ. ಮನೆಗೆ ಬಂದವಳೇ, ಊಟಕ್ಕೆ ಕೂತಿದ್ದ ಮಾವನ ಮುಂದೆ ನಿಂತು ಬಾಯಿಗೆ ಬಂದಂತೆ ಅಂದುಬಿಟ್ಟೆ.

"ನಿಮ್ಮ ಜೀವಮಾನದಲ್ಲಿ ಒಂದೇ ಒಂದು ತೀರ್ಮಾನ ಮಾಡಿದ್ದೀರಾ ಮಾವ? ಇಲ್ಲ ತಾನೆ? ನನ್ನನ್ನೂ ನಿಮ್ಮ ಹಾಗೇ ಮಾಡಿಟ್ರಿ."

ಯಂತ್ರದ ಸದ್ದು ನಿಂತಿತು. ಮಾವ ತಟ್ಟೆಯಲ್ಲಿದ್ದದ್ದನ್ನು ಮುಗಿಸಿ, ಕೈತೊಳೆದು ತಮ್ಮ ಕೋಣೆಗೆ ಹೋದರು. "ಬಾಯಿಗೆ ಒಂದು ಬೀಗ ಅನ್ನೋದು ಇಲ್ವಲ್ಲ ನಿಂಗೆ" ಎಂದಳು ಅಮ್ಮ. ನನಗೆ ಆಗಲೇ ನಾಚಿಕೆಯಾಗಿತ್ತು, ಆದರೆ ಸಿಟ್ಟೂ ಇಳಿದಿರಲಿಲ್ಲ.

ಮರುದಿನ ರಜೆ. ಮಾವ ಹಿತ್ತಲ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಒರೆಸುತ್ತಿದ್ದರು. ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಒಂದು ಸಲ ಮಾಡಿದ್ದೆ ಪುಟ್ಟಿ" ಎಂದರು.

ಆಗ ಅವರಿಗೆ ಇಪ್ಪತ್ತೇಳು ವರ್ಷ. ಪಿಂಚಣಿ ಪಡೆಯುವವರೆಲ್ಲ ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಕಚೇರಿಗೆ ಬಂದು ಸಹಿ ಹಾಕಬೇಕಿತ್ತು. ಕಚೇರಿ ಇದ್ದದ್ದು ಎರಡನೇ ಮಹಡಿಯಲ್ಲಿ. ಎಂಬತ್ತು ದಾಟಿದವರು ಮೆಟ್ಟಿಲಿಗೊಮ್ಮೆ ಕೂತು, ಎದ್ದು, ಮತ್ತೆ ಕೂತು ಹತ್ತುತ್ತಿದ್ದರು. ಒಂದು ವರ್ಷ ಒಬ್ಬ ಮುದುಕಿ ಬಿದ್ದು ಸೊಂಟ ಮುರಿದುಕೊಂಡಳು. ಅವತ್ತಿನ ಕಡತದಲ್ಲಿ ಮಾವ ತಮ್ಮದೊಂದು ಸಾಲು ಸೇರಿಸಿದರು: ‘ಮುದುಕರು ಮೇಲೆ ಹತ್ತಿ ಬರುವ ಬದಲು ಗುಮಾಸ್ತನೇ ಒಂದು ಮೇಜು ಹಾಕಿಕೊಂಡು ಕೆಳಗೆ ಕೂರುವುದು.’ ಅಧಿಕಾರಿ ಕರೆಸಿದರು. ನಿನ್ನನ್ನು ಕೇಳಿದವರು ಯಾರು ಎಂದು ಗದರಿ, ಆ ಹಾಳೆ ಕಿತ್ತು, ಬೇರೆ ಹಾಳೆ ಬರೆಸಿಕೊಂಡರು.

"ಆರು ತಿಂಗಳಾದ ಮೇಲೆ ಅದೇ ಮಾತು ಆದೇಶ ಆಗಿ ಬಂತು. ಅವರ ಸಹಿಯಲ್ಲಿ. ಪತ್ರಿಕೆಯಲ್ಲಿ ಅವರ ಫೋಟೋ ಬಂತು. ಮೆಟ್ಟಿಲ ಕೆಳಗೆ ಮೇಜು ಹಾಕಿದ್ರು, ಕೂರಕ್ಕೆ ನನ್ನನ್ನೇ ಹಾಕಿದ್ರು." ಮಾವ ನಕ್ಕರು. "ಇಪ್ಪತ್ತೊಂದು ವರ್ಷ ಅಲ್ಲೇ ಕೂತೆ. ಬೇರೆ ಊರಿನ ಕಚೇರಿಗಳಲ್ಲಿ ಮುದುಕರು ಇನ್ನೂ ಮಹಡಿ ಹತ್ತುತ್ತಾನೇ ಇದ್ದಾರೆ."

"ನೀವು ಯಾರಿಗೂ ಹೇಳಲಿಲ್ವಾ?"

"ಹಾಳೆ ಇಲ್ಲವಲ್ಲ. ಕಡತದಲ್ಲಿ ಇಲ್ಲದ್ದು ನಡೆದೇ ಇಲ್ಲ ಅಂತ ಲೆಕ್ಕ."

ನನಗೆ ಅಳು ಬಂತು. ಅವರು ಅದನ್ನು ಕಾಣದವರಂತೆ ಚಪ್ಪಲಿ ಪಕ್ಕಕ್ಕಿಟ್ಟು, "ಸರಿ, ಹಾಳೆ ತಗೊಂಡು ಬಾ" ಎಂದರು.

ಅವತ್ತಿನಿಂದ ಪಾಠ ತಲೆಕೆಳಗಾಯಿತು. ಮಾವ ದಿನಕ್ಕೆ ಹತ್ತು ಪ್ರಶ್ನೆ ತರುತ್ತಿದ್ದರು. ನಾನು ಮೊದಲ ಸಾಲಿನಲ್ಲೇ ತೀರ್ಮಾನ ಬರೆಯಬೇಕು, ಎರಡನೆಯದರಲ್ಲಿ ಕಾರಣ. ನಾನು ಬೇಕು ಎಂದರೆ ಅವರು ಬೇಡ ಎಂದು ವಾದಕ್ಕೆ ನಿಲ್ಲುತ್ತಿದ್ದರು, ನಾನು ಸೋತು ಮಾತು ಬದಲಿಸಿದರೆ ತಲೆಗೆ ಮೊಟಕುತ್ತಿದ್ದರು. "ತಪ್ಪಾದ್ರೂ ಪರವಾಗಿಲ್ಲ, ನಿನ್ನದಾಗಿರಲಿ" ಎನ್ನುವರು. ಇಷ್ಟು ವರ್ಷ ಒಳಗೇ ಇಟ್ಟುಕೊಂಡ ಅಭಿಪ್ರಾಯಗಳೆಲ್ಲ ಆಗ ಹೊರಗೆ ಬಂದವು. ಅವುಗಳಲ್ಲಿ ಕೆಲವಂತೂ ಅಮ್ಮನ ಅಡುಗೆಯ ಮೇಲಿದ್ದವು. ಅಮ್ಮ ಮೂಗು ಮುರಿದು, ಈ ಪರೀಕ್ಷೆ ಬೇಗ ಮುಗಿದರೆ ಸಾಕು ಎಂದಳು.

ಮೂರನೇ ಸಲ ಬರವಣಿಗೆಯಲ್ಲಿ ಪಾಸಾಗಿ ಸಂದರ್ಶನಕ್ಕೆ ಕರೆ ಬಂತು. ಉದ್ದನೆಯ ಮೇಜಿನ ಆಚೆ ಐದು ಜನ. ನಡುವೆ ಅಧ್ಯಕ್ಷೆ, ಬಿಳಿ ಕೂದಲಿನ ಹೆಂಗಸು. ಇಪ್ಪತ್ತು ನಿಮಿಷ ಬೇರೆ ಬೇರೆ ಕೇಳಿದ ಮೇಲೆ ಅವರು, "ಕೆಲಸಕ್ಕೆ ಸೇರಿದ ಮರುದಿನವೇ, ಹೊಸ ಖರ್ಚಿಲ್ಲದೆ, ಜನರಿಗೆ ಉಪಯೋಗ ಆಗುವ ಒಂದು ಬದಲಾವಣೆ ಮಾಡಿ ಅಂದರೆ ಏನು ಮಾಡ್ತೀರಿ?" ಎಂದರು. ನಾನು ತಡಮಾಡಲಿಲ್ಲ. ಮುದುಕರು, ಮಹಡಿ, ಕೆಳಗಿನ ಮೇಜು ಎಲ್ಲ ಮೂರು ಸಾಲಿನಲ್ಲಿ ಹೇಳಿದೆ. ಐದೂ ಜನ ತಲೆಯೆತ್ತಿ ನೋಡಿದರು.

"ಒಳ್ಳೆಯ ಯೋಚನೆ. ನಿಮ್ಮದೇನಾ?" ಎಂದರು ಅಧ್ಯಕ್ಷೆ.

ಹೌದು ಎಂದರೆ ಸಾಕಿತ್ತು. ಅಲ್ಲಿ ಪರೀಕ್ಷಿಸಿ ನೋಡುವವರು ಯಾರೂ ಇರಲಿಲ್ಲ, ಹಾಳೆಯಂತೂ ಎಂದೋ ಕಸದ ಬುಟ್ಟಿ ಸೇರಿತ್ತು. ನನಗೆ ಇದೇ ಕೊನೆಯ ಅವಕಾಶ. ನಾಲಿಗೆ ತುದಿಗೆ ಹೌದು ಬಂದೇ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

"ಅಲ್ಲ ಮೇಡಂ. ಒಬ್ಬ ಗುಮಾಸ್ತರದು. ನಮ್ಮ ಮಾವ."

ಪಕ್ಕದಲ್ಲಿದ್ದವರು, "ಹಾಗಾದರೆ ನಿಮ್ಮದೇನಿದೆ ಇದರಲ್ಲಿ?" ಎಂದು ಕೊಂಕು ತೆಗೆದರು.

"ಇದನ್ನ ಒಪ್ಪಿ ಸಹಿ ಹಾಕುವ ತೀರ್ಮಾನ ನನ್ನದು ಸರ್."

ಅಧ್ಯಕ್ಷೆ ಆ ಗುಮಾಸ್ತರ ಹೆಸರೇನು ಎಂದು ಕೇಳಿದರು. ಹೇಳಿದೆ.

ಏಳು ವಾರ ಕಳೆದು ಪಟ್ಟಿ ಬಂತು. ನಾನು ಆಯ್ಕೆಯಾಗಿದ್ದೆ, ಕೊನೆಯಿಂದ ನಾಲ್ಕನೆಯವಳು. ಬೀದಿಯವರೆಲ್ಲ ಬಂದು ಹೋದರು, ಅಮ್ಮ ಎರಡು ದಿನ ಯಂತ್ರ ಮುಟ್ಟಲಿಲ್ಲ. ಆದರೆ ನನಗೆ ಆ ದಿನಕ್ಕಿಂತ ಸಂದರ್ಶನದ ಸಂಜೆಯೇ ದೊಡ್ಡದು. ಮಾವ ಬಾಗಿಲಲ್ಲೇ ಕಾಯುತ್ತಿದ್ದರು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಮೊದಲು ಬೈದರು. "ನಿಂಗೆ ತಲೆ ಸರಿ ಇದೆಯಾ? ನಂದು ಅಂತ ಹೇಳಿ ಬಂದುಬಿಡಬಾರದಿತ್ತಾ?" ಎಂದರು. ಮತ್ತೆ ಒಳಗೆ ಹೋದವರು ತಿರುಗಿ ಬಂದರು.

"ಹೆಸರು ಕೇಳಿದ್ರು ಅಂದೆಯಲ್ಲ. ಸುಮ್ನೆ ಕೇಳಿದ್ರಾ, ಬರ್ಕೊಂಡ್ರಾ?"

"ಬರ್ಕೊಂಡ್ರು ಮಾವ. ಮುಂದಿದ್ದ ಹಾಳೆ ಮೇಲೇ."

"ಪೆನ್ಸಿಲಲ್ಲೋ, ಪೆನ್ನಲ್ಲೋ?"

"ಪೆನ್ನಲ್ಲಿ."

ಮಾವ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ನನ್ನ ಮುಂದೆಯೇ ಅತ್ತರು.