ಬಾಣಂತಿಯ ಬಚ್ಚಲಿಗೆ ಪ್ಯಾನೆಲ್ ಹೊಡೆಸಿದ ಮೇಲೆ

ತಲೆಯ ಮೇಲೆ ಬಿಸಿನೀರು ಬಿದ್ದದ್ದು ನೆನಪಿದೆ. ಕಣ್ಣು ಬಿಟ್ಟಾಗ ನಡುಮನೆಯ ಚಾಪೆಯ ಮೇಲಿದ್ದೆ. ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ರಕ್ತ. ಅವ್ವ ನನ್ನ ಮುಷ್ಟಿಯೊಳಗೆ ಕಬ್ಬಿಣದ ಕೀಲಿ ತುರುಕಿ ಅಳುತ್ತಿದ್ದಳು.

ಕೈಕಾಲು ಸೆಟೆದುಕೊಂಡಿದ್ದವಂತೆ.

ಚೊಚ್ಚಲ ಬಾಣಂತನಕ್ಕೆ ಹಡಗಲಿಯ ತವರಿಗೆ ಬಂದಿದ್ದೆ. ಬಚ್ಚಲ ಗೋಡೆಗಳು ಸದಾ ತೇವ, ಬಾಣಂತಿಗೆ ಥಂಡಿ ಹತ್ತೀತು ಎಂದು ಅವ್ವ ನಾನು ಬರುವ ಮೊದಲೇ ಸುತ್ತಲೂ ಬಿಳಿ ಪಿವಿಸಿ ಪ್ಯಾನೆಲ್ ಹೊಡೆಸಿದ್ದಳು. ನನಗೆ ಅದರ ಮೇಲೆ ಮೊದಲ ದಿನದಿಂದಲೇ ಅನುಮಾನ. ಅಂಟಿನ ವಾಸನೆ ಹೋಗಿರಲಿಲ್ಲ. ಮಗುವನ್ನು ಮಾತ್ರ ಒಳಗೆ ಬಿಡುವುದಿಲ್ಲ, ಅಡುಗೆಮನೆಯಲ್ಲೇ ಎರೆಯಿರಿ ಎಂದು ಹಟ ಹಿಡಿದೆ. "ನೀ ಹುಟ್ಟಿದಾಗಿಂದ ಅನುಮಾನದಾಕಿನ ಬಿಡು" ಎಂದು ಅವ್ವ ನಕ್ಕಿದ್ದಳು.

ಎರಡನೇ ಸಲ ಬಚ್ಚಲಲ್ಲಿ ಬಿದ್ದಾಗ ಮೊಮ್ಮಗಳನ್ನು ನೋಡಲು ಕೊಟ್ಟೂರಿನಿಂದ ಅತ್ತೆ ಬಂದಿದ್ದರು.

"ಮದಿವಿಗಿಂತ ಮುಂಚೆನೂ ಫಿಟ್ಸ್ ಬರ್ತಿದ್ವೇನ್ರಿ? ಮುಚ್ಚಿಟ್ಟು ಕೊಟ್ರೇನು?" ಎಂದು ಅವ್ವನನ್ನು ಕೇಳಿದರು.

ಅಂದಿನಿಂದ ಮಗು ನನ್ನ ಕೈಗೆ ಒಂಟಿಯಾಗಿ ಸಿಗಲಿಲ್ಲ. ಹಾಲು ಕುಡಿಸುವಾಗಲೂ ಅತ್ತೆ ಪಕ್ಕದಲ್ಲೇ ಕೂತು ಮಗುವಿನ ಕೆಳಗೆ ಕೈ ಹಿಡಿದಿರುತ್ತಿದ್ದರು. ಬಾಟಲಿ ಹಾಲು ರೂಢಿಯಾದರೆ ಮಗುವನ್ನು ಕೊಟ್ಟೂರಿಗೆ ತಾವೇ ಒಯ್ಯುತ್ತೇವೆ ಎಂದರು.

ದಾವಣಗೆರೆಯಲ್ಲಿ ತೋರಿಸಿದೆವು. ಬಿಪಿ ನಾರ್ಮಲ್. ಎಂಆರ್‌ಐ ನಾರ್ಮಲ್. ಇಇಜಿಯೂ ನಾರ್ಮಲ್. ಆದರೂ ಫಿಟ್ಸ್ ಮಾತ್ರೆ ಶುರುವಾಯಿತು. ಎಲ್ಲ ಸರಿಯಿದ್ದರೆ ಬೀಳುತ್ತಿರುವುದೇಕೆ? ನಾನು ಅಂಟನ್ನು ಅನುಮಾನಿಸಿದೆ, ಕಷಾಯವನ್ನು ಅನುಮಾನಿಸಿದೆ, ಹೇಳಲು ನಾಚಿಕೆಯಾದರೂ ಅತ್ತೆಯ ದೃಷ್ಟಿಯನ್ನೂ ಬಿಡಲಿಲ್ಲ.

ಒಂದು ಬೆಳಿಗ್ಗೆ ನನಗೆ ಎರೆದು ಬಂದ ಅವ್ವ ಹಿತ್ತಲಲ್ಲಿ ವಾಂತಿ ಮಾಡಿಕೊಳ್ಳುವುದನ್ನು ಕಂಡೆ. ತಲೆಗೆ ಬಟ್ಟೆ ಬಿಗಿದು ಕಟ್ಟಿದ್ದಳು.

"ಯಾವಾಗಿಂದ ಹಿಂಗ?"

"ನಿನಗ ಎರಿಯಾಕ ಹತ್ತಿದಾಗಿಂದ ತಲಿ ಸಿಡೀತೈತಿ. ಎರಿಯಾಕಿಗೇ ಆರಾಮಿಲ್ಲ ಅಂತ ಗೊತ್ತಾದ್ರ ನಿಮ್ಮತ್ತಿ ನಿನ್ನ ಕರಕೊಂಡು ಹೋಗ್ತಾಳ ಅಂತ ಸುಮ್ನಿದ್ದೆ."

ತಾಯಿ ಮಗಳು ಇಬ್ಬರೂ ಒಂದೇ ಬಚ್ಚಲಲ್ಲಿ ಕೆಡುತ್ತಿದ್ದೆವು.

ಅವ್ವನನ್ನೂ ಅತ್ತೆಯನ್ನೂ ಕರೆದುಕೊಂಡು ಮತ್ತೆ ಡಾಕ್ಟರ ಮುಂದೆ ಕೂತು ಇಬ್ಬರದನ್ನೂ ಹೇಳಿದೆ. ನೀರು ಹೇಗೆ ಕಾಯಿಸುತ್ತೀರಿ ಎಂದು ಅವರು ಕೇಳಿದರು. ಗ್ಯಾಸ್ ಗೀಜರ್, ಬಚ್ಚಲೊಳಗೇ ಇದೆ ಎಂದೆ.

"ಗಾಳಿ ಆಡೋಕೆ ಜಾಗ ಇದೆಯಾ?"

ಅವ್ವ ಹೆಮ್ಮೆಯಿಂದ ಹೇಳಿದಳು: "ಬಾಣಂತಿ ಬಚ್ಚಲಕ್ಕ ಗಾಳಿ ಬಿಡ್ತೀವೇನ್ರಿ? ಮ್ಯಾಲ ಬೆಳಕಿಂಡಿ ಇತ್ತು. ಅದರ ಮ್ಯಾಲೂ ಪ್ಯಾನೆಲ್ ಹೊಡಿಸೀನಿ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಗಾಳಿಯಾಡದ ಕಡೆ ಗೀಜರ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯೇ ಇಲ್ಲ, ತಲೆನೋವು, ವಾಂತಿ, ಕೆಲವರಿಗೆ ಥೇಟ್ ಫಿಟ್ಸ್‌ನಂತೆಯೇ ಆಗುತ್ತದೆ ಎಂದರು.

"ಮಗುಗೂ ಅಲ್ಲೇ ಸ್ನಾನ ಮಾಡಿಸ್ತೀರಾ?"

ಇಲ್ಲ, ಅಡುಗೆಮನೆಯಲ್ಲಿ ಎಂದೆ. ನಾನು ಅನುಮಾನಿಸಿದ್ದು ಅಂಟಿನ ವಾಸನೆಯನ್ನು, ಕೆಡಿಸುತ್ತಿದ್ದುದಕ್ಕೆ ವಾಸನೆಯೇ ಇರಲಿಲ್ಲ. ಆದರೂ ಮಗುವನ್ನು ಹೊರಗಿಟ್ಟ ಆ ಅನುಮಾನಕ್ಕೆ ಅಲ್ಲೇ ಮನಸ್ಸಿನಲ್ಲಿ ಕೈ ಮುಗಿದೆ.

ಮರುದಿನವೇ ಬೆಳಕಿಂಡಿ ಮುಚ್ಚಿದ್ದ ಪ್ಯಾನೆಲ್ ಕತ್ತರಿಸಿದರು, ಗೀಜರ್ ಹಿತ್ತಲಿನ ಹೊರಗೋಡೆಗೆ ಹೋಯಿತು. ಅವ್ವನ ತಲೆನೋವು ನಿಂತಿದೆ. ನಾನು ಮತ್ತೆ ಬಿದ್ದಿಲ್ಲ. ಮಾತ್ರೆಯನ್ನು ಡಾಕ್ಟರು ನಿಧಾನವಾಗಿ ಇಳಿಸುತ್ತಿದ್ದಾರೆ. ಪೂರ್ತಿ ಗುಣವಾಯಿತು ಎನ್ನಲು ನನಗಿನ್ನೂ ಧೈರ್ಯವಿಲ್ಲ.

ಅತ್ತೆಗೂ ಇಲ್ಲ. ನಿನ್ನೆ ಮಗು ಹಸಿದು ಅತ್ತಾಗ ಎತ್ತಿ ತಂದು ನನ್ನ ಮಡಿಲಲ್ಲಿ ಮಲಗಿಸಿದರು. ಸ್ವಲ್ಪ ಹೊತ್ತು ಅವರ ಕೈ ಮಗುವಿನ ಕೆಳಗೇ ಇತ್ತು. ಆಮೇಲೆ ತೆಗೆದರು.

"ಕುಡಿಸು. ನಾ ಹೊರಗ ಕುಂದರ್ತೀನಿ."

ಬಾಗಿಲು ಪೂರ್ತಿ ಮುಚ್ಚಲಿಲ್ಲ. ಸಂದಿಯಲ್ಲಿ ಅವರ ಸೆರಗು ಕಾಣುತ್ತಿತ್ತು. ಕಂಡರೆ ಕಾಣಲಿ ಎಂದುಕೊಂಡು ಮಗುವನ್ನು ಎದೆಗೆ ಹಾಕಿಕೊಂಡೆ. ಈ ಸಲ ಅವಳ ಕೆಳಗೆ ನನ್ನ ಕೈ ಮಾತ್ರ ಇತ್ತು.