ಸಿಟ್ಟಿನ ವಂಶಾವಳಿ

ನನಗೂ ಸಿಟ್ಟು ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಮ್ಮೂರು ಕಾಪುವಿನಲ್ಲಿ ನನ್ನನ್ನು ಬಲ್ಲ ಯಾರಾದರೂ ಹೇಳಿಯೇ ಹೇಳುತ್ತಾರೆ. ಆದರೆ ನನ್ನ ಸಿಟ್ಟಿಗೆ ಮನೆಯಲ್ಲಿ ‘ಬಾಯಿ ಜೋರು’ ಎಂದು ಹೆಸರು. ಅಣ್ಣ ಊಟದ ತಟ್ಟೆ ಎಸೆದರೆ ಮಾತ್ರ ಅದು ‘ಅಜ್ಜನ ರಕ್ತ’. ಒಂದೇ ತಂದೆತಾಯಿಯ ಮಕ್ಕಳು ನಾವು. ಅಜ್ಜನ ರಕ್ತ ನನ್ನನ್ನು ಯಾಕೆ ದಾಟಿ ಹೋಯಿತೋ, ದೇವರೇ ಬಲ್ಲ!

ಉಡುಪಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಗಂಡು ಜಿಂಕೆಗಳು ಕೊಂಬಿಗೆ ಕೊಂಬು ಕೊಟ್ಟು ಗುದ್ದಾಡುವುದನ್ನು, ಹಾರ್ಮೋನಿನ ಮಹಿಮೆಯನ್ನು ಬೋರ್ಡಿನ ಮೇಲೆ ಬರೆದೂ ಬರೆದೂ ಕೈ ಸವೆಸಿಕೊಂಡವಳು. ಹಾರ್ಮೋನು ಸುಳ್ಳು ಎನ್ನಲಾರೆ, ಅದು ಉಂಡ ಅನ್ನಕ್ಕೆ ದ್ರೋಹ. ಆದರೆ ಜಿಂಕೆ ಗುದ್ದುವುದು ಕೊಂಬಿರುವ ಇನ್ನೊಂದು ಜಿಂಕೆಯನ್ನು. ನಮ್ಮ ಅಣ್ಣ ಬ್ಯಾಂಕಿನಲ್ಲಿ ಮ್ಯಾನೇಜರ್ ಬೈದರೆ ‘ಆಯ್ತು ಸರ್’ ಎಂದು ತಲೆಯಾಡಿಸಿ ಬಂದು, ಮೀನಿನ ಗಸಿಗೆ ಉಪ್ಪು ಕಡಿಮೆಯಾದದ್ದಕ್ಕೆ ತಟ್ಟೆ ಹಾರಿಸುತ್ತಿದ್ದ. ಬಸ್ಸಿಳಿದು ಮನೆಗೆ ನಡೆಯುವಷ್ಟರಲ್ಲಿ ಏರುವ ಈ ಹಾರ್ಮೋನು ಯಾವ ಪಠ್ಯಪುಸ್ತಕದಲ್ಲೂ ನನಗೆ ಸಿಗಲಿಲ್ಲ.

ಮೊನ್ನೆ ಈ ರಕ್ತದ ಮಾತು ಕಾರ್ಕಳದಿಂದ ಕಾರು ಹತ್ತಿ ಬನ್ನಂಜೆಗೆ, ನನ್ನ ತಂಗಿಯ ಮನೆಗೇ ಬಂತು. ತಂಗಿಯ ಮಗಳು ದೀಕ್ಷಾ ಮಣಿಪಾಲದಲ್ಲಿ ಲ್ಯಾಬ್ ಟೆಕ್ನಿಷಿಯನ್. ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ನಾನೂ ಅಣ್ಣನೂ ಹೋಗಿದ್ದೆವು. ಹುಡುಗ ಅವಳಿಗೆ ಹಿಡಿಸಿದ್ದ, ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಮ್ಮಲ್ಲಿ ಮೊದಲು ಕೇಳುವುದು ‘ಬರಿ’ ಯಾವುದೆಂದು. ಗೋತ್ರದ ಹಾಗೆಯೇ, ಆದರೆ ತಾಯಿಯಿಂದ ಬರುವಂಥದ್ದು. ಒಂದೇ ಬರಿಯಾದರೆ ಮದುವೆಯಿಲ್ಲ. ಬೇರೆ ಬೇರೆ ಎಂದು ತಿಳಿದ ಮೇಲೆ ಎಲ್ಲರೂ ನಿರಾಳವಾಗಿ ಕಾಫಿಯ ಜೊತೆ ಇಟ್ಟಿದ್ದ ಗೋಳಿಬಜೆಗೆ ಕೈಹಾಕಿದರು. ಆಗ ಹುಡುಗನ ಸೋದರಮಾವ ನಗುತ್ತ ಹೇಳಿದರು:

“ಹುಡುಗ ಬಂಗಾರ. ಸಿಟ್ಟು ಬಂದರೆ ಮಾತ್ರ ಸ್ವಲ್ಪ ಕೈ ಮುಂದೆ. ಎಂತ ಮಾಡುವುದು, ಅಪ್ಪನ ರಕ್ತ ಅಲ್ವಾ!”

ತನ್ನಂಥವನೊಬ್ಬ ಸಿಕ್ಕಿದ ಖುಷಿಯಲ್ಲಿ ಅಣ್ಣ ತಲೆದೂಗಿದ. ನನ್ನ ಬಾಯಿ ಸುಮ್ಮನಿರುತ್ತದೆಯೇ? “ಬರಿ ತಾಯಿಯದ್ದು, ಕುಟುಂಬದ ಮನೆ ತಾಯಿಯದ್ದು, ಸಿಟ್ಟು ಮಾತ್ರ ಅಪ್ಪನದ್ದಾ ಮಾರಾಯ್ರೆ?” ಎಂದೆ. ಎಲ್ಲರೂ ನಕ್ಕರು. ದೀಕ್ಷಾ ನಗಲಿಲ್ಲ. ಹುಡುಗನನ್ನೇ ನೋಡಿ ಕೇಳಿದಳು:

“ಆಫೀಸಿನಲ್ಲಿ ಸಿಟ್ಟು ಬರುವುದಿಲ್ವಾ ನಿಮಗೆ?”

“ದಿನಾ ಬರ್ತದೆ,” ಎಂದ ಅವನು, ಪಾಪ, ಪ್ರಾಮಾಣಿಕವಾಗಿ.

“ಅಲ್ಲಿ ಯಾರಿಗಾದರೂ ಹೊಡೆದದ್ದುಂಟಾ?”

“ಛೆ ಛೆ! ಅಲ್ಲಿ ಹೇಗೆ... ತಡ್ಕೊಳ್ತೇನೆ.”

“ಮನೆಯಲ್ಲಿ?”

ದೀಕ್ಷಾಳಿಗೆ ಉತ್ತರ ಕೊಟ್ಟವರು ಪಕ್ಕದಲ್ಲಿ ಕೂತಿದ್ದ ಅವನ ತಾಯಿ. “ತಂಗಿಗೆ ಹೊಡೀತಾನೆ. ಇವನ ಅಪ್ಪ ನನಗೆ ಹೊಡೆಯುವುದನ್ನು ನೋಡಿಯೇ ಬೆಳೆದದ್ದು. ರಕ್ತವೂ ಅಲ್ಲ, ಎಂತದೂ ಅಲ್ಲ ಮಗಾ, ಕಲಿತದ್ದು. ಬಿಡ್ಲಿಕ್ಕೂ ಆಗ್ತದೆ.” ಸೆರಗು ಸರಿಮಾಡಿಕೊಂಡು ಎದ್ದು ಮಗನ ಕಡೆ ತಿರುಗಿದರು. “ಏಳು. ಬಿಟ್ಟ ಮೇಲೆ ಬೇಕಾದರೆ ಬರುವ.”

ನನಗೆ ಆ ಹೆಂಗಸಿನ ಕೈ ಹಿಡಿದುಕೊಳ್ಳಬೇಕೆನಿಸಿತು. ಅಣ್ಣನಿಗೆ ಗೋಳಿಬಜೆ ಗಂಟಲಲ್ಲೇ ಸಿಕ್ಕಿಕೊಂಡಿತು. ನೀರು ತರಲು ಅವನೇ ಎದ್ದು ಅಡುಗೆಮನೆಗೆ ಹೋದ.

ಕಾರು ಹೊರಟುಹೋದರೂ ದೀಕ್ಷಾ ಗೇಟಿನ ಬಳಿಯೇ ನಿಂತಿದ್ದಳು. ನೋಡಿ ಸಂಕಟವಾಯಿತು. “ಹುಡುಗ ಸುಳ್ಳು ಹೇಳುವವನಲ್ಲ. ತಿದ್ದಿಕೊಂಡಾನು. ಸ್ವಲ್ಪ ಕಾಯ್ತೀಯಾ?” ಎಂದೆ.

ಅವಳು ಕಣ್ಣೊರೆಸಿಕೊಂಡು ನಕ್ಕಳು.

“ತಿದ್ದಿಕೊಳ್ಳಲಿ ದೊಡ್ಡಮ್ಮ, ಒಳ್ಳೆಯದೇ. ಆದರೆ ಅವರು ಕಲಿಯಲಿಕ್ಕೆ ನಾನೆಂತ ಶಾಲೆಯಾ?”