ತಂತಿ ಕಿತ್ತು ನೋಡುವ ಪಲ್ಲಣ್ಣ

ಪಲ್ಲಣ್ಣನ ಮುಖಕ್ಕಿಂತ ಅವನ ಬೆನ್ನೇ ಸೇಡಂ ಊರಿಗೆ ಹೆಚ್ಚು ಪರಿಚಯವಿತ್ತು. ಯಾರ ಅಂಗಡಿಗೆ ಹೋಗಲಿ, ಯಾರ ಆಫೀಸಿಗೆ ಹೋಗಲಿ, ನಮಸ್ಕಾರ ಹೇಳುವುದಕ್ಕಿಂತ ಮೊದಲು ಕಂಪ್ಯೂಟರಿನ ಹಿಂದಕ್ಕೆ ಹೋಗಿ ಬಗ್ಗಿಬಿಡುತ್ತಿದ್ದ. ಮಾತೆಲ್ಲ ಅಲ್ಲಿಂದಲೇ. ಬಗ್ಗಿದಾಗ ಅಂಗಿಯೊಳಗಿನ ಜನಿವಾರ ಹೊರಗೆ ಜೋತು ಬೀಳುತ್ತಿತ್ತು. ಉಳಿದವರು ಜನಿವಾರಕ್ಕೆ ಕೀಲಿಕೈ ಕಟ್ಟಿಕೊಳ್ಳುತ್ತಾರೆ. ಇವನು ಬೆರಳುದ್ದದ ಸ್ಕ್ರೂಡ್ರೈವರ್ ಕಟ್ಟಿಕೊಂಡಿದ್ದ. ಸಂಧ್ಯಾವಂದನೆಗೆ ಕೂತಾಗ ಅದು ತಂಬಿಗೆಗೆ ಬಡಿದು ಟಿಣ್ ಅನ್ನುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ನಮ್ಮ ಮಾವನವರು ಜಪ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು, ಕಟ್ಟಿಕೊಟ್ಟವಳು ನಾನೇ ಅನ್ನುವ ಹಾಗೆ.

ಪ್ರಹ್ಲಾದಾಚಾರ್ಯ ಅನ್ನುವುದು ಪೂರ್ತಿ ಹೆಸರು. ಮುಧೋಳದವನು, ನಮ್ಮ ಯಜಮಾನರಿಗೆ ದೂರದ ಸಂಬಂಧದ ತಮ್ಮ. ಹಾಗಾಗಿ ನಾನು ಅವನಿಗೆ ವೈನಿ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಮನೆಯಲ್ಲೇ ಉಳಿದು, ಬೀದಿ ಕಡೆಯ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸು ಶುರು ಮಾಡಿದ. ನನಗೂ ಕಲಿಸುತ್ತೇನೆ ಬರ್ರಿ ಅಂತ ಕರೆಯುತ್ತಿದ್ದ. ಮಡಿಯಲ್ಲಿದ್ದೇನೆ, ನಿನ್ನ ಇಲಿಯನ್ನು ಮುಟ್ಟುವುದಿಲ್ಲ ಅಂತ ನಾನು ಚೇಷ್ಟೆ ಮಾಡುತ್ತಿದ್ದೆ. ಈಗ ಈ ವಯಸ್ಸಿನಲ್ಲಿ ಫೋನಿನ ಮೇಲೆ ಒಂದೊಂದೇ ಅಕ್ಷರ ಒತ್ತುತ್ತ ಅವನ ಬಗ್ಗೆ ಬರೆಯುತ್ತಿದ್ದೇನೆ. ಅವನು ನೋಡಿದ್ದರೆ ಎಷ್ಟು ನಗುತ್ತಿದ್ದನೋ.

ಅವನ ಅಪ್ಪ ಮುಧೋಳದ ಹನುಮಪ್ಪನ ಗುಡಿಯ ಪೂಜೆ ಮಾಡುತ್ತಿದ್ದರು. ಆ ಪೂಜೆ ತಲೆತಲಾಂತರದಿಂದ ಬಂದದ್ದು, ಇವನಿಗೆ ಬರಬೇಕಾದದ್ದು. ಇವನು ಅದನ್ನು ಚಿಕ್ಕಪ್ಪನ ಮಗನಿಗೆ ಬಿಟ್ಟುಕೊಟ್ಟ. ಅಪ್ಪ ಸೇಡಂಗೆ ಬಂದು ಆ ಕೋಣೆಯಲ್ಲಿ ಕೂತು ಮಗನಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ನಾನು ಬಾಗಿಲ ಮರೆಯಲ್ಲೇ ನಿಂತಿದ್ದೆ.

"ಪೂಜಾ ಒಮ್ಮೆ ಕೈ ಬಿಟ್ಟು ಹೋದ್ರ ತಿರುಗಿ ಬರಂಗಿಲ್ಲ, ಪಲ್ಲ್ಯಾ. ನೀ ಮಾಡೋದು ಕಣ್ಣಿಗೂ ಕಾಣಂಗಿಲ್ಲ, ಕೈಗೂ ಸಿಗಂಗಿಲ್ಲ. ಅದರ ಮ್ಯಾಲ ಹೆಂಗ ಬದುಕತಿ?"

"ಬದುಕಿ ತೋರಿಸ್ತೀನಿ, ಅಪ್ಪಾ."

ಅಪ್ಪ ಅದನ್ನು ನೋಡಲು ಉಳಿಯಲಿಲ್ಲ. ಮರು ವರ್ಷವೇ ಹೋದರು. ಗುಡಿ ಚಿಕ್ಕಪ್ಪನ ಮನೆಯವರದಾಯಿತು. ಪಲ್ಲಣ್ಣನಿಗೆ ಉಳಿದದ್ದು ನಮ್ಮ ಕೋಣೆ, ಮತ್ತು ಅವನು ಬರೆಯುತ್ತಿದ್ದ ಒಂದು ಪ್ರೋಗ್ರಾಮು.

ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರದವರಿಗಾಗಿ ಬರೆದ ಪ್ರೋಗ್ರಾಮು ಅದು. ಕಲ್ಲಿನ ಉದ್ದ, ಅಗಲ, ದಪ್ಪ ಹಾಕಿದರೆ ಎಷ್ಟು ಚದರಡಿ, ಪಾಲಿಶ್ ಎಷ್ಟು, ಲಾರಿಗೆ ಎಷ್ಟು ಹಿಡಿಯುತ್ತದೆ ಅಂತ ಲೆಕ್ಕ ಮಾಡಿ ಬಿಲ್ ತೆಗೆದುಕೊಡುತ್ತಿತ್ತು. ನಮ್ಮ ಕಡೆ ಇಂಥದ್ದನ್ನು ಯಾರೂ ಮಾಡಿರಲಿಲ್ಲ. ಎಲ್ಲರೂ ಮೆಚ್ಚಿದರು. ಮೆಚ್ಚಿದವರಲ್ಲಿ ಒಬ್ಬರು ಕೊಂಡರೆ ಉಳಿದವರು ಅವರಿಂದ ಸೀಡಿಯ ನಕಲು ಹೊಡೆದುಕೊಂಡರು. ಶಹಾಬಾದಿನಲ್ಲಿ ಮಾರಿದ್ದು ಚಿತ್ತಾಪುರದಲ್ಲೂ ವಾಡಿಯಲ್ಲೂ ಪುಗಸಟ್ಟೆ ಓಡುತ್ತಿತ್ತು.

ಆಗ ಅವನಿಗೆ ನೆಟ್‌ವರ್ಕ್ ಕಾರ್ಡಿನ ಉಪಾಯ ಹೊಳೆಯಿತು. ಒಂದು ಕಾರ್ಡನ್ನು ಅಡುಗೆಮನೆಗೆ ತಂದು ನನ್ನ ಮುಂದೆ ಹಿಡಿದ. ಅಂಗೈಯಷ್ಟು ಹಸಿರು ಹಲಗೆ, ಒಂದು ತುದಿಗೆ ತಂತಿ ಸಿಕ್ಕಿಸುವ ಚೌಕ ತೂತು. ಕಂಪ್ಯೂಟರು ಇನ್ನೊಂದು ಕಂಪ್ಯೂಟರಿನ ಜೊತೆ ಮಾತಾಡುವುದು ಇದರ ಮೂಲಕವಂತೆ. ಪ್ರತಿ ಕಾರ್ಡಿಗೂ ಕಾರ್ಖಾನೆಯಲ್ಲೇ ಒಂದು ನಂಬರು ಕೊಟ್ಟಿರುತ್ತಾರಂತೆ. ತನ್ನ ಪ್ರೋಗ್ರಾಮು ತೆರೆಯುವಾಗ ಆ ನಂಬರು ನೋಡುತ್ತದೆ, ಕೊಂಡವರ ಕಾರ್ಡು ಇದ್ದರೆ ಮಾತ್ರ ನಡೆಯುತ್ತದೆ, ಸೀಡಿ ಹೊಡೆದುಕೊಂಡು ಬೇರೆ ಕಂಪ್ಯೂಟರಿಗೆ ಹಾಕಿದರೆ ಬಾಯಿ ಮುಚ್ಚಿಕೊಳ್ಳುತ್ತದೆ ಅಂದ.

"ಅಂದ್ರ ಕಂಪ್ಯೂಟರಿಗೂ ಗೋತ್ರ ಅದ ಅನ್ನು," ಅಂದೆ.

"ಗೋತ್ರ ಸಾವಿರ ಮಂದಿಗೆ ಒಂದೇ ಇರ್ತದ, ವೈನಿ. ಇದು ಒಬ್ಬರದು ಇನ್ನೊಬ್ಬರಿಗಿಲ್ಲ."

ಕೆಲವು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಚಿಂಚೋಳಿಯ ಒಂದು ಕಲ್ಲಿನ ಡಿಪೋದಿಂದ ಫೋನು ಬಂತು: ದುಡ್ಡು ಕೊಟ್ಟು ಕೊಂಡವರ ಕಂಪ್ಯೂಟರನ್ನೇ ಪ್ರೋಗ್ರಾಮು ನಿಮ್ಮದಲ್ಲ ಅನ್ನುತ್ತಿದೆ, ಹೊರಗೆ ಲಾರಿ ನಿಂತಿವೆ. ಪಲ್ಲಣ್ಣ ಬಸ್ಸು ಹತ್ತಿ ಓಡಿದ. ಸಂಜೆ ಬಂದು ಕಟ್ಟೆಯ ಮೇಲೆ ಕೂತವನು ಕಾಫಿ ಆರಿದರೂ ಮುಟ್ಟಲಿಲ್ಲ. ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ನೋಡಿದರೆ ಕಾರ್ಡು ಒಂದೇ ಇದೆಯಂತೆ. ಆದರೆ ಕಂಪ್ಯೂಟರಿನೊಳಗಿನ ಪಟ್ಟಿಯಲ್ಲಿ ಮೂರು ಕಾರ್ಡು ಇವೆ. ಹೈದರಾಬಾದಿನ ಆಫೀಸಿನ ಜೊತೆ ಮಾತಾಡಲು ಯಾವುದೋ ಸಾಫ್ಟ್‌ವೇರು ಹಾಕಿಕೊಂಡಿದ್ದರು; ಅದು ತಾನಾಗಿಯೇ ಇಲ್ಲದ ಕಾರ್ಡುಗಳನ್ನು ಹುಟ್ಟಿಸಿತ್ತು. ಅವಕ್ಕೂ ಹೆಸರು, ಅವಕ್ಕೂ ನಂಬರು. ಇವನ ಪ್ರೋಗ್ರಾಮು ಪಟ್ಟಿಯಲ್ಲಿ ಮೊದಲಿದ್ದದ್ದನ್ನು ನಂಬುತ್ತಿತ್ತು, ಮೊದಲು ಬಂದು ಕೂತದ್ದು ನಕಲಿ.

ಅಸಲಿ ಯಾವುದು, ನಕಲಿ ಯಾವುದು ಅಂತ ಪ್ರೋಗ್ರಾಮಿಗೆ ತಿಳಿಸುವುದು ಹೇಗೆ? ಊಟಕ್ಕೆ ಕೂತರೂ ಅದೇ ಮಾತು. ಆ ಸಾಫ್ಟ್‌ವೇರನ್ನು ತನ್ನ ಕಂಪ್ಯೂಟರಿಗೂ ಹಾಕಿಕೊಂಡು ನಕಲಿಗಳನ್ನು ಹುಟ್ಟಿಸಿ ನೋಡುತ್ತಿದ್ದ. ಉತ್ತರ ಕೊಟ್ಟದ್ದು ನನ್ನ ಕಸಬರಿಗೆ. ಕೋಣೆ ಗುಡಿಸುವಾಗ ಕಾರ್ಡಿನ ತಂತಿ ಸಿಕ್ಕಿ ಕಿತ್ತು ಬಂತು. ಬೈಯುತ್ತಾನೆ ಅಂತ ನಾನು ಮುಂಚಿತವಾಗಿಯೇ ಮುಖ ಗಂಟು ಹಾಕಿಕೊಂಡೆ. ಅವನು ಪರದೆಯ ಮೂಲೆಯಲ್ಲಿ ಮೂಡಿದ ಸಣ್ಣ ಕೆಂಪು ಗುರುತನ್ನೇ ನೋಡುತ್ತ ನಿಂತುಬಿಟ್ಟ. ತಂತಿ ಹಾಕಿ, ಇನ್ನೊಮ್ಮೆ ಕೀಳ್ರಿ ಅಂದ. ಕಿತ್ತೆ. ಪಟ್ಟಿಯಲ್ಲಿ ಅಸಲಿ ಕಾರ್ಡು ಮಾತ್ರ ತಂತಿ ಹೋಯಿತು ಅಂತ ಒದರಿತು. ನಕಲಿಗಳು ಮಿಸುಕಲಿಲ್ಲ.

"ಯಾವುದು ಒದರ್ತದೋ ಅದು ಖರೇ," ಅಂದ. ಅವತ್ತು ಎರಡು ಲೋಟ ಕಾಫಿ ಕುಡಿದ.

ಅಂದಿನಿಂದ ಪ್ರೋಗ್ರಾಮು ದಿನಾ ಬೆಳಿಗ್ಗೆ ತೆರೆದ ಕೂಡಲೇ ಕನ್ನಡದಲ್ಲಿ "ತಂತಿ ತೆಗೆಯಿರಿ" ಅಂತ ಕೇಳುತ್ತಿತ್ತು. ತೆಗೆದರೆ "ತಂತಿ ಹಾಕಿರಿ" ಅನ್ನುತ್ತಿತ್ತು. ಹಾಕಿದರೆ "ಬರ್ರಿ ಮಾಲಕರೇ". ನಮ್ಮ ಜನ ಇದನ್ನು ಎಷ್ಟು ಭಕ್ತಿಯಿಂದ ಹಿಡಿದುಕೊಂಡರೆಂದರೆ, ಚಿಂಚೋಳಿಯ ಗುಮಾಸ್ತ ಚಪ್ಪಲಿ ಬಿಟ್ಟು ಊದಿನಕಡ್ಡಿ ಹಚ್ಚಿ ಆಮೇಲೆ ತಂತಿಗೆ ಕೈ ಹಾಕುತ್ತಿದ್ದ. ಚಿತ್ತಾಪುರದ ಒಬ್ಬ ಸಾವುಕಾರರು ಆ ಕೆಲಸಕ್ಕೆ ಹೊಸದಾಗಿ ಬಂದ ಸೊಸೆಯನ್ನೇ ಕರೆಸುತ್ತಿದ್ದರು, ಕಾಲ್ಗುಣ ಒಳ್ಳೆಯದಂತ. ದಿನಾ ಕಿತ್ತು ಕಿತ್ತು ತಂತಿಯ ತುದಿಯ ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತಿತ್ತು. ಪಲ್ಲಣ್ಣ ಹೊಸ ತುದಿಗಳನ್ನು ಕೈಚೀಲದಲ್ಲಿ ತುಂಬಿಕೊಂಡು ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದು ಹಾಕಿಕೊಟ್ಟು ಬರುತ್ತಿದ್ದ. ಅವನು ಸಂತೋಷವಾಗಿದ್ದುದನ್ನು ನಾನು ನೋಡಿದ್ದು ಆ ಕಾಲದಲ್ಲಿ ಮಾತ್ರ. ಹೊಸ ಪೈಜಾಮ ಹೊಲಿಸಿಕೊಂಡ. ಅಪ್ಪನ ತಿಥಿಗೆ ಮುಧೋಳಕ್ಕೆ ಹೋಗಿ ಚಿಕ್ಕಪ್ಪನ ಮಗನ ಎದುರು ತಲೆ ಎತ್ತಿ ಕೂತು ಬಂದೆ ಅಂತ ಹೇಳಿದ.

ಒಂದು ದಿನ ಶಹಾಬಾದಿನಲ್ಲಿರುವ ನನ್ನ ತಂಗಿಯ ಮನೆಗೆ ಹೊರಟಿದ್ದೆ. ತನಗೂ ಅಲ್ಲಿ ಮಲ್ಲಿಕಾರ್ಜುನಪ್ಪನವರ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಕೆಲಸವಿದೆ ಅಂತ ಪಲ್ಲಣ್ಣನೂ ಬಂದ. ಮಲ್ಲಿಕಾರ್ಜುನಪ್ಪ ಅವನ ಮೊದಲ ಗಿರಾಕಿ, ವಿಭೂತಿ ಧರಿಸಿದ ದೊಡ್ಡ ಮನುಷ್ಯರು. ಮೊದಲು ಅವರಲ್ಲಿಗೇ ಹೋದೆವು; ನಮಗೆ ಕುರ್ಚಿ ಹಾಕಿಸಿದರು. ಪಲ್ಲಣ್ಣ ಕೂರಲಿಲ್ಲ, ವಾಡಿಕೆಯಂತೆ ಕಂಪ್ಯೂಟರಿನ ಹಿಂದೆ ಬಗ್ಗಿದ. ಕಂಪ್ಯೂಟರು ಹೊಸದಾಗಿತ್ತು. ಗುಮಾಸ್ತ ಬಸಯ್ಯ ಅದನ್ನು ಚಾಲೂ ಮಾಡಿದ. ಪರದೆಯ ನಡುವೆ ಒಂದು ಚೌಕಟ್ಟು ತೆರೆಯಿತು; ಅದರೊಳಗೆ ಇನ್ನೊಂದು ಕಂಪ್ಯೂಟರು ಇದ್ದ ಹಾಗೆ ಕಂಡಿತು. ಅದರಲ್ಲಿ ಪಲ್ಲಣ್ಣನ ಪ್ರೋಗ್ರಾಮು "ತಂತಿ ತೆಗೆಯಿರಿ" ಅಂತು. ಬಸಯ್ಯ ಎದ್ದೇಳಲಿಲ್ಲ. ಇಲಿಯನ್ನು ಆಡಿಸಿ ಒಂದು ಟಿಕ್ ಗುರುತು ಅಳಿಸಿದ. "ತಂತಿ ಹಾಕಿರಿ" ಅಂತು. ಗುರುತು ಮತ್ತೆ ಹಾಕಿದ.

"ಬರ್ರಿ ಮಾಲಕರೇ."

ಪಲ್ಲಣ್ಣ ಹಿಂದಿನಿಂದಲೇ ಪರದೆಯತ್ತ ಕತ್ತು ಚಾಚಿ ಕೇಳಿದ: "ತಂತಿ ಕೀಳಲಿಲ್ಲಲ್ರಿ?"

"ಈಗ ಕೀಳೋದು ಬ್ಯಾಡ್ರಿ," ಬಸಯ್ಯ ಅಂದ. "ಟಿಕ್ ತೆಗದ್ರ ಸಾಕು, ತಂತಿ ಕಿತ್ತಂಗ."

ಮಲ್ಲಿಕಾರ್ಜುನಪ್ಪನವರೇ ಸಮಾಧಾನವಾಗಿ ಬಿಡಿಸಿ ಹೇಳಿದರು. "ಹಳೇ ಕಂಪ್ಯೂಟರ್ ಕೆಟ್ಟಿತ್ರಿ ಆಚಾರ್ರ. ಕಲಬುರಗಿಯಿಂದ ಒಬ್ಬರು ಬಂದು ಅದರೊಳಗಿಂದೆಲ್ಲಾ ಹೆಂಗಿತ್ತೋ ಹಂಗ್ಯೇ ಇದರೊಳಗ ನಕಲು ಮಾಡಿ ಇಟ್ಟು ಹೋದ್ರು. ನಿಮಗ ಸುಮ್ಮ ತ್ರಾಸ ಯಾಕಂತ ಹೇಳಿ ಕಳಿಸಲಿಲ್ಲ. ನಮ್ಮ ಬೀಗರಿಗೂ ಹಂಗ್ಯೇ ಮಾಡಿ ಕೊಟ್ಟೀವಿ. ವಾಡ್ಯಾಗೂ ಕೊಟ್ಟೀವಿ. ಎಲ್ಲಾರೂ ನಿಮ್ಮ ಹೆಸರು ಭಾಳ ಹೇಳ್ತಾರ."

ಅವರ ಮುಖದಲ್ಲಿ ಕಪಟ ಇರಲಿಲ್ಲ. ಹೊಗಳುತ್ತಿದ್ದೇನೆ ಅಂತಲೇ ತಿಳಿದಿದ್ದರು. ಪಲ್ಲಣ್ಣ ಜಗಳಾಡುತ್ತಾನೆ ಅಂತ ನಾನು ಕಾದೆ. ಅವನು ಒಳಗಿನ ಆ ಇಲ್ಲದ ಕಂಪ್ಯೂಟರಿನ ಇಲ್ಲದ ಕಾರ್ಡಿನ ನಂಬರು ತೋರಿಸ್ರಿ ಅಂದ. ತೋರಿಸಿದರು. ಹಳೆಯ ಅಸಲಿ ಕಾರ್ಡಿನದೇ ನಂಬರು. ಅಸಲಿ ಎಲ್ಲಿದೆ ಅಂದರೆ ಬಸಯ್ಯ ಹಿತ್ತಿಲ ಕಡೆ ಕೈ ತೋರಿಸಿದ. ಅಲ್ಲಿ ಮುರಿದ ಕಲ್ಲಿನ ರಾಶಿಯ ಪಕ್ಕ, ಪಾಲಿಶಿನ ಬಿಳಿ ರಾಡಿ ಒಣಗಿದ ಜಾಗದಲ್ಲಿ ಹಳೇ ಕಂಪ್ಯೂಟರು ಬಾಯಿ ತೆರೆದು ಬಿದ್ದಿತ್ತು. ಪಲ್ಲಣ್ಣ ಅದರೊಳಗಿನಿಂದ ಕಾರ್ಡು ಬಿಚ್ಚಿ, ಅಂಗಿಯ ತುದಿಯಿಂದ ಒರೆಸಿ, ನಂಬರು ಓದಿದ. ಮತ್ತೆ ಅಲ್ಲಿಯೇ ಇಟ್ಟ. ಕೊಟ್ಟ ಚಹಾ ಕುಡಿದ. ಬರ್ತೀನ್ರಿ ಅಂದ.

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದ. ಊರು ಹತ್ತಿರ ಬಂದಾಗ ನನ್ನ ಕಡೆ ತಿರುಗಿದ.

"ಪ್ರೋಗ್ರಾಮು ಯಾರಿಗೆ ಕೇಳ್ತದ, ವೈನಿ? ಕಂಪ್ಯೂಟರಿಗೇ ಕೇಳ್ತದ, ನೀ ಖರೇ ಏನು ಅಂತ. ಉತ್ತರ ಹೇಳೋದೂ ಅದೇ. ಹೊರಗ ಬಂದು ಮುಟ್ಟಿ ನೋಡಲಿಕ್ಕ ಪ್ರೋಗ್ರಾಮಿಗೆ ಕೈ ಎಲ್ಲಿ ಅದ?"

ಬಸ್ಸಿನಿಂದ ಇಳಿಯುವಾಗ ಅವನ ಕೈಚೀಲ ನಾನೇ ಹಿಡಿದುಕೊಂಡೆ.

ಆಮೇಲಿನದು ನೋಡಲಾರದ ಸಂಗತಿ. ಅವನು ಪ್ರೋಗ್ರಾಮಿಗೆ ಅನುಮಾನ ಕಲಿಸಲು ಕೂತ. ಕಾರ್ಡು ಮಾಡಿದ ಕಂಪನಿಯ ಹೆಸರು ಕೇಳು, ಅದು ಯಾವ ತೂತಿನಲ್ಲಿ ಕೂತಿದೆ ಕೇಳು, ಉತ್ತರ ಕೊಡಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ನೋಡು. ನಕಲಿಯೂ ಎಲ್ಲದಕ್ಕೂ ಬರಾಬರ್ ಉತ್ತರ ಕೊಡುತ್ತಿತ್ತು. ಅನುಮಾನ ಹೆಚ್ಚಾದಂತೆ ಪ್ರೋಗ್ರಾಮು ಅಸಲಿಗಳನ್ನೇ ಹೊರಗೆ ಹಾಕತೊಡಗಿತು. ಚಿತ್ತಾಪುರದ ಸಾವುಕಾರರು ಹೊಸ ಕಂಪ್ಯೂಟರು ತಂದರು. ಅದರ ಕಾರ್ಡಿನ ಕಂಪನಿ ಪಲ್ಲಣ್ಣನಿಗೆ ಗೊತ್ತಿಲ್ಲದ್ದು. ಪ್ರೋಗ್ರಾಮು ನಕಲಿ ಅಂದುಬಿಟ್ಟಿತು. ಚಿಂಚೋಳಿಯವರದೂ ಅದೇ ಗತಿ. ದುಡ್ಡು ಕೊಟ್ಟವರ ಬಾಗಿಲು ಮುಚ್ಚುತ್ತಿತ್ತು. ಹಳೇದನ್ನು ನಕಲು ಮಾಡಿಕೊಂಡವರದು ಸುಸೂತ್ರವಾಗಿ ತೆರೆಯುತ್ತಿತ್ತು. ಕೊಂಡವರೂ ಕೊನೆಗೆ ಬೇಸತ್ತು ಶಹಾಬಾದಿಗೆ ಹೋಗಿ ನಕಲೇ ತಂದುಕೊಂಡರು. ನಾನಾದರೂ ಅದನ್ನೇ ಮಾಡುತ್ತಿದ್ದೆ. ಕ್ಲಾಸಿಗೆ ಬರುವವರು ಎಂದೋ ನಿಂತಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರ ದೊಡ್ಡ ಸೆಂಟರು ತೆರೆದಿತ್ತು.

ಒಂದು ಮಧ್ಯಾಹ್ನ ಕಾಫಿ ಒಯ್ದಾಗ ಅವನು ತನ್ನದೇ ಕಂಪ್ಯೂಟರಿನ ಮುಂದೆ ನಿಂತಿದ್ದ. ಪರದೆಯ ಮೇಲೆ "ಈ ಯಂತ್ರ ನಕಲಿ" ಅಂತ ಇತ್ತು. ಬರೆದವನ ಯಂತ್ರಕ್ಕೇ ಅವನ ಪ್ರೋಗ್ರಾಮು ಹಾಗೆ ಹೇಳುತ್ತಿತ್ತು. ನನ್ನ ಕೈಯಿಂದ ಲೋಟ ತೆಗೆದಿಟ್ಟು, ನನ್ನ ಮಣಿಕಟ್ಟು ಹಿಡಿದು ಪೆಟ್ಟಿಗೆಯ ಹಿಂದೆ ಕಾರ್ಡಿದ್ದ ಕಡೆ ಮುಟ್ಟಿಸಿದ. ಅಷ್ಟು ವರ್ಷದಲ್ಲಿ ಅವನು ನನ್ನ ಕೈ ಮುಟ್ಟಿದ್ದಿಲ್ಲ.

"ಬಿಸಿ ಅದ ಇಲ್ಲೋ, ವೈನಿ?"

"ಅದ."

"ಇದನ್ನ ಪ್ರೋಗ್ರಾಮಿಗೆ ಹೆಂಗ ಹೇಳಲಿ ನಾ?"

ಆ ವಾರವೇ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಅಳಿಸಿದ. ಇಷ್ಟು ವರ್ಷ ಕೂತು ಬರೆದದ್ದು, ಒಂದು ಪ್ರತಿಯಾದರೂ ಇಟ್ಟುಕೊಳ್ಳಬಾರದಿತ್ತೇ ಅಂತ ನಾನು ಕೇಳಿದೆ. ಐದು ಊರಿನ ತುಂಬ ಪ್ರತಿಗಳಿವೆ, ಯಾವುದು ತನ್ನದು ಅಂತ ಕೇಳಿದರೆ ತನಗೇ ಹೇಳಲಿಕ್ಕೆ ಬರುವುದಿಲ್ಲ ಅಂದ. ಕೋಣೆ ಗುಡಿಸಿ, ಗೋಡೆಯ ಮೊಳೆ ಕಿತ್ತು, ಕೀಲಿ ನನ್ನ ಕೈಗೆ ಕೊಟ್ಟು ಹೋದ. ಮೊದಲು ಮುಧೋಳಕ್ಕೆ ಹೋದನಂತೆ. ಗುಡಿಯಲ್ಲಿ ಚಿಕ್ಕಪ್ಪನ ಮಗ ಪೂಜೆಗಿದ್ದ. ಎಲ್ಲರ ಜೊತೆ ಸಾಲಿನಲ್ಲಿ ನಿಂತು ತೀರ್ಥ ತೆಗೆದುಕೊಂಡು, ಯಾರಿಗೂ ಏನೂ ಹೇಳದೆ ಬಸ್ಸು ಹತ್ತಿದನಂತೆ. ಆಮೇಲೆ ಅವನ ಸುದ್ದಿ ತಿಳಿಯಲಿಲ್ಲ. ನಮ್ಮ ಯಜಮಾನರು ಹುಡುಕಿಸಿದರು. ವಾಡಿ ಸ್ಟೇಷನ್ನಿನಲ್ಲಿ ಕಂಡೆ ಅಂದವರಿದ್ದರು, ಸೊಲ್ಲಾಪುರದಲ್ಲಿ ಅಂದವರಿದ್ದರು.

ಕೆಲವು ವರ್ಷ ಕಳೆದ ಮೇಲೆ ಕಾಗಿಣಾ ಹೊಳೆಯ ದಂಡೆಯ ಮಠವೊಂದರಲ್ಲಿ ಆರಾಧನೆಯ ಊಟಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ಕೂತಿದ್ದೆ. ಸಾರಿನ ಬಕೀಟು ಹಿಡಿದು ಬಡಿಸುತ್ತ ಬಂದವನು ಪಲ್ಲಣ್ಣ. ಗಡ್ಡ ಬೆಳ್ಳಗಾಗಿತ್ತು, ಮೈ ಇಳಿದಿತ್ತು. ಆದರೂ ಅವನೇ. ಅಷ್ಟು ವರ್ಷ ನಮ್ಮ ಮನೆಯಲ್ಲಿ ಉಂಡವನು, ನನಗೆ ಗುರುತು ಸಿಗದೆ ಇರುತ್ತದೆಯೇ?

"ಪಲ್ಲಣ್ಣಾ," ಅಂದೆ. "ನೀ ಪಲ್ಲಣ್ಣ ಹೌದಲ್ಲೋ?"

ಸೌಟು ಎಲೆಯ ಮೇಲೆ ನಿಂತಿತು. ಅವನು ನನ್ನ ಮುಖವನ್ನು ನೋಡಿದ, ಚೆನ್ನಾಗಿಯೇ ನೋಡಿದ.

"ಅಲ್ರೀ ತಾಯಿ," ಅಂದ. "ನೀವು ತಿಳಕೊಂಡವರು ಬ್ಯಾರೆ ಇರಬೇಕು."

ಅನ್ನದ ಮೇಲೆ ಸಾರು ಹಾಕಿ ಮುಂದಿನ ಎಲೆಗೆ ಹೋದ. ನನ್ನ ಪಕ್ಕದವಳು ಯಾರವರು ಅಂತ ಕೇಳಿದಳು. ಗೊತ್ತಿಲ್ಲ ಅಂದೆ. ಅವನು ಹಾಗೆ ಅಂದ ಮೇಲೆ ನಾನು ಬೇರೆ ಏನು ಹೇಳಲಿ? ಕಣ್ಣು ಒರೆಸಿಕೊಳ್ಳಲು ಎಂಜಲು ಕೈ. ತಲೆ ತಗ್ಗಿಸಿ ಅನ್ನ ಕಲೆಸಿದೆ, ಉಂಡೆ. ಮಜ್ಜಿಗೆಗೆ ಅವನು ಬರುತ್ತಾನೆ ಅಂತ ಕಾದೆ. ಬೇರೆಯವರು ಬಂದರು.